ಸಂಕ್ರಾಂತಿ ಕಾರ್ಡಿನ ಜೊತೆ ಮೂರು ಪುಸ್ತಕ: ಬರೆಯುವುದು, ತೂಗುವುದು, ಅಂಚೆಗೆ ಹಾಕುವುದು

ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ಕ್ಕೆ. ವರ್ಷವಿಡೀ ಓದಿದ್ದು ಡಿಸೆಂಬರ್ ಕೊನೆಗೆ ಕಣ್ಣಮುಂದೆ ಇರುತ್ತದೆ, ಹಬ್ಬದ ಶುಭಾಶಯ ಬರೆಯುವ ಹೊತ್ತೂ ಅದೇ. ಹಾಗಾಗಿ ಓದಿದ ಪುಸ್ತಕಗಳ ವಿಷಯ ನೆಂಟರಿಗೆ, ಗೆಳೆಯರಿಗೆ ತಿಳಿಸಲು ಯುಗಾದಿ ದೀಪಾವಳಿಗಳಿಗಿಂತ ಸಂಕ್ರಾಂತಿ ಕಾರ್ಡೇ ಒಳ್ಳೆಯದು.

ಮೊದಲು ಪುಸ್ತಕದ ಮಾತು, ಏಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲೇ. ವರ್ಷದಲ್ಲಿ ಓದಿದ ಇಪ್ಪತ್ತು ಮೂವತ್ತು ಪುಸ್ತಕಗಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಕಳಿಸಿದರೆ ಒಬ್ಬರೂ ಅದನ್ನು ಹಿಡಿದು ಪುಸ್ತಕದಂಗಡಿಗೆ ಹೋಗುವುದಿಲ್ಲ. ಒಬ್ಬರಿಗೆ ಮೂರು ಪುಸ್ತಕ ಸಾಕು. ಆ ಮೂರೂ ಅವರಿಗೆಂದೇ ಆರಿಸಿದವಾಗಿರಬೇಕು. ಮಂಡಿನೋವಿನ ದೊಡ್ಡಮ್ಮನಿಗೆ ಮಂಚದ ಮೇಲೆ ಕೂತು ಹಿಡಿಯಲು ಹಗುರವಾದ, ಅಕ್ಷರ ದೊಡ್ಡದಿರುವ ಪುಸ್ತಕ. ಬೆಂಗಳೂರಿನಲ್ಲಿ ದಿನಾ ಮೆಟ್ರೋದಲ್ಲಿ ಓಡಾಡುವ ತಂಗಿಗೆ ಸಣ್ಣ ಕತೆಗಳು. ತೋಟ ನೋಡಿಕೊಳ್ಳುವ ಭಾವನಿಗೆ ಹಕ್ಕಿ, ಹುಳು, ಮಣ್ಣಿನ ಬಗ್ಗೆ ಬರೆದದ್ದು. ಹೆಸರುಗಳನ್ನು ಬರೆದುಕೊಂಡು ಪ್ರತಿ ಹೆಸರಿನ ಮುಂದೆ ಪುಸ್ತಕ ಗುರುತು ಹಾಕಿಕೊಳ್ಳಿ. ಯಾರದಾದರೂ ಮುಂದೆ ಏನೂ ಹೊಳೆಯದಿದ್ದರೆ ಅವರಿಗೆ ಶುಭಾಶಯ ಮಾತ್ರ ಸಾಕು, ಒತ್ತಾಯಕ್ಕೆ ಪುಸ್ತಕ ಸೇರಿಸಬೇಡಿ.

ಒಂದೊಂದು ಪುಸ್ತಕಕ್ಕೆ ನಾಲ್ಕು ವಿಷಯ ಬೇಕು: ಶೀರ್ಷಿಕೆ, ಲೇಖಕರು, ಪ್ರಕಾಶಕರು ಮತ್ತು ಊರು, ಆಮೇಲೆ ಎರಡು ಸಾಲು. ಪ್ರಕಾಶಕರ ಹೆಸರು ಬಿಡಬೇಡಿ. ಅಂಗಡಿಯವರು ಕೇಳುವುದೇ ಅದನ್ನು, ಹಳೆಯ ಕೃತಿಗಳು ಬೇರೆ ಬೇರೆ ಪ್ರಕಾಶನಗಳಿಂದ ಮರುಮುದ್ರಣವಾಗಿರುವುದೂ ಉಂಟು. ಶೀರ್ಷಿಕೆಯ ಕಾಗುಣಿತವನ್ನು ರಕ್ಷಾಪುಟ ನೋಡಿಯೇ ಬರೆಯಿರಿ. ಒಂದು ಒತ್ತಕ್ಷರ ತಪ್ಪಿದರೂ ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದಾಗ ಸಿಗದೆ ಹೋಗಬಹುದು. ಎರಡು ಸಾಲಿನಲ್ಲಿ “ತುಂಬಾ ಚೆನ್ನಾಗಿದೆ, ತಪ್ಪದೆ ಓದಿ” ಎಂದರೆ ಏನೂ ಹೇಳಿದಂತಾಗುವುದಿಲ್ಲ. ಹೀಗೆ ಬರೆಯಬಹುದು:

“ಕರ್ವಾಲೊ, ಕೆ.ಪಿ. ಪೂರ್ಣಚಂದ್ರ ತೇಜಸ್ವಿ, ಪುಸ್ತಕ ಪ್ರಕಾಶನ, ಮೈಸೂರು. ಒಂದು ಹಾರುವ ಓತಿಯನ್ನು ಹುಡುಕಿಕೊಂಡು ವಿಜ್ಞಾನಿಯೂ ಹಳ್ಳಿಯವರೂ ಕಾಡು ಹೊಕ್ಕುವ ಚಿಕ್ಕ ಕಾದಂಬರಿ. ಭಾವ, ನಿಮ್ಮ ಜೇನುಪೆಟ್ಟಿಗೆಗಳ ಹತ್ತಿರ ಕೂತು ಓದಿ, ಮಂದಣ್ಣ ನಿಮಗೆ ಹಿಡಿಸುತ್ತಾನೆ.”

ಕತೆಯ ತಿರುವು ಬಿಟ್ಟುಕೊಟ್ಟಿಲ್ಲ, ಆದರೆ ಯಾಕೆ ಈ ಭಾವನಿಗೇ ಈ ಪುಸ್ತಕ ಎನ್ನುವುದು ಗೊತ್ತಾಗುತ್ತದೆ. ಕೊನೆಯಲ್ಲಿ ಒಂದು ಪ್ರಶ್ನೆಯೂ ಇರಲಿ: “ನೀವು ಈ ವರ್ಷ ಓದಿದ್ದರಲ್ಲಿ ನನಗೆ ಯಾವುದು?” ಇಂಥದೊಂದು ಪ್ರಶ್ನೆ ಇದ್ದರೆ ಉತ್ತರ ಬರೆಯಲು ಅವರಿಗೂ ದಾರಿ ಸಿಗುತ್ತದೆ.

ಈ ಬರಹ ಕಾರ್ಡಿನ ಒಳಗಿರುವುದಕ್ಕಿಂತ ಬೇರೆ ಚೀಟಿಯಲ್ಲಿರುವುದು ಮೇಲು. ಕಾರ್ಡು ಶೋಕೇಸಿನಲ್ಲಿ ನಿಲ್ಲುತ್ತದೆ, ಚೀಟಿ ಪುಸ್ತಕದೊಳಗೆ ಗುರುತಿಗೆ ಆಗುತ್ತದೆ, ಅಂಗಡಿಗೂ ಹೋಗುತ್ತದೆ. 7 ಸೆಂಟಿಮೀಟರ್ ಅಗಲ, 14 ಸೆಂಟಿಮೀಟರ್ ಉದ್ದ ಇದ್ದರೆ ಎರಡೂ ಬದಿ ಸೇರಿ ಮೂರು ಪುಸ್ತಕಕ್ಕೆ ಜಾಗ ಸಾಲುತ್ತದೆ.

ಕಾರ್ಡಿಗೆ 250 ಜಿಎಸ್‌ಎಂನ, ಹೊಳಪಿಲ್ಲದ ಎ4 ಶೀಟು ತನ್ನಿ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ). ಹೊಳಪಿನ ಶೀಟಿನ ಮೇಲೆ ಜೆಲ್ ಪೆನ್ನಿನ ಶಾಯಿ ಬೇಗ ಒಣಗದೆ ಕೈ ತಾಗಿದ ಕಡೆಯೆಲ್ಲ ಒರೆಸಿಕೊಳ್ಳುತ್ತದೆ. ಶೀಟನ್ನು ಅರ್ಧಕ್ಕೆ ಕತ್ತರಿಸಿದರೆ ಎರಡು ಎ5, ಒಂದೊಂದನ್ನು ಮಡಚಿದರೆ ಒಂದೊಂದು ಕಾರ್ಡು. ಮಡಿಕೆ ಸೀಳಿ ಬಿಳಿ ನಾರು ಎದ್ದು ಕಾಣುವುದು ನಾರಿನ ದಿಕ್ಕಿಗೆ ಅಡ್ಡವಾಗಿ ಮಡಚಿದಾಗ. ಎ5 ತುಂಡನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಬಾಗಿಸಿ ನೋಡಿ, ಸಲೀಸಾಗಿ ಬಾಗುವ ಕಡೆಗೇ ಮಡಚಿ. ಮಡಚುವ ಮೊದಲು ಸ್ಕೇಲ್ ಇಟ್ಟು, ರೀಫಿಲ್ ಖಾಲಿಯಾದ ಬಾಲ್‌ಪೆನ್ನಿನಿಂದ ಒಮ್ಮೆ ಒತ್ತಿ ಗೆರೆ ಎಳೆದರೆ ಮಡಿಕೆ ನೇರವಾಗಿ ಬರುತ್ತದೆ. ಮಿಂಚುಪುಡಿ, ಮಣಿ, ಸ್ಟೇಪ್ಲರ್ ಪಿನ್ನು ಬೇಡ. ಕಾಗದಗಳ ಕಟ್ಟಿನಲ್ಲಿ ಅವು ಒತ್ತಿ ಲಕೋಟೆ ಹರಿಯುತ್ತದೆ.

ಒಳಗೆ ಬರೆಯುವ ಒಕ್ಕಣೆ ನಿಮ್ಮ ಮನೆಯ ರೂಢಿಯಂತೆ ಇರಲಿ. ಹಿರಿಯರಿಗೆ “ಪೂಜ್ಯ … ಅವರಿಗೆ ನಮಸ್ಕಾರಗಳು”, ಕಿರಿಯರಿಗೆ “ಚಿ. … ಗೆ ಆಶೀರ್ವಾದಗಳು”, ನಡುವೆ “ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ”. ಒಂದು ಎಚ್ಚರ: ವರ್ಷದೊಳಗೆ ಸಾವಾದ ಮನೆಗೆ ಹಬ್ಬದ ಶುಭಾಶಯ ಕಳಿಸುವ ರೂಢಿ ಇಲ್ಲ. ಅಂಥವರಿಗೆ ಬಣ್ಣದ ಕಾರ್ಡು ಬಿಟ್ಟು ಬಿಳಿ ಹಾಳೆಯಲ್ಲಿ ಕ್ಷೇಮ ವಿಚಾರಿಸಿ ನಾಲ್ಕು ಸಾಲು ಬರೆಯಿರಿ, ಪುಸ್ತಕದ ಚೀಟಿಯನ್ನು ಅದರ ಜೊತೆ ಇಡಿ. ದುಃಖದಲ್ಲಿರುವವರಿಗೆ ಪುಸ್ತಕ ಹೆಚ್ಚು ಬೇಕಾಗುತ್ತದೆ.

ಈಗ ಎಳ್ಳಿನ ಪೊಟ್ಟಣ. ಬೆಲ್ಲ, ಕೊಬ್ಬರಿ, ಕಡಲೆಬೀಜ ಬೆರೆತ ಎಳ್ಳುಬೆಲ್ಲವನ್ನು ಲಕೋಟೆಗೆ ಹಾಕಬಾರದು. ಕೊಬ್ಬರಿ, ಕಡಲೆಬೀಜಗಳ ಎಣ್ಣೆ ಎರಡೇ ದಿನದಲ್ಲಿ ಕಾಗದಕ್ಕೆ ಇಳಿದು ಅಕ್ಷರ ಹಿಂದುಮುಂದು ಎರಡೂ ಕಡೆ ಕಾಣುವಂತಾಗುತ್ತದೆ, ಬೆಲ್ಲ ನೀರೊಡೆಯುತ್ತದೆ. ಅಂಚೆಗೆ ಒಗ್ಗುವುದು ಉತ್ತರ ಕರ್ನಾಟಕದ ಕುಸುರೆಳ್ಳು, ಅಂದರೆ ಸಕ್ಕರೆ ಪಾಕ ಹತ್ತಿಸಿ ಒಣಗಿಸಿದ ಎಳ್ಳು. ಒಂದು ಟೀ ಚಮಚ, ಸುಮಾರು 5 ಗ್ರಾಂ, ಚಿಕ್ಕ ಜಿಪ್ ಕವರಿಗೆ ಹಾಕಿ. ಗಾಳಿ ಪೂರ್ತಿ ಹೊರಹಾಕಿ, ಕಾಳು ಒಂದೇ ಪದರವಾಗಿ ಹರಡುವಂತೆ ತಟ್ಟಿ. ಪೊಟ್ಟಣವನ್ನು ಕಾರ್ಡಿನ ಮಡಿಕೆಯೊಳಗೆ, ಅಂಚೆಚೀಟಿಗೆ ಎದುರು ಮೂಲೆಯಲ್ಲಿ, ಅಂದರೆ ಕೆಳಗೆ ಎಡಕ್ಕೆ ಬರುವಂತೆ ಇಡಿ. ಅಂಚೆಚೀಟಿಯ ಮೇಲೆ ಮುದ್ರೆ ಬಡಿಯುವಾಗ ಅದರಡಿ ಕಾಳಿದ್ದರೆ ಪುಡಿಯಾಗುತ್ತದೆ.

ತೂಕದ ಲೆಕ್ಕ ಹೀಗಿದೆ. 250 ಜಿಎಸ್‌ಎಂನ ಎ5 ಕಾರ್ಡು 8 ಗ್ರಾಂಗೆ ಸ್ವಲ್ಪ ಕಡಿಮೆ, ಅದೇ ಶೀಟಿನ ಚೀಟಿ ಎರಡೂವರೆ ಗ್ರಾಂ, ಕಾರ್ಡು ಹಿಡಿಸುವ ಲಕೋಟೆ ಸುಮಾರು 4 ಗ್ರಾಂ. ಒಟ್ಟು ಹದಿನಾಲ್ಕೂವರೆ. ದೇಶದೊಳಗಿನ ಸಾಮಾನ್ಯ ಪತ್ರಕ್ಕೆ 20 ಗ್ರಾಂವರೆಗೆ 5 ರೂಪಾಯಿ, ಮುಂದಿನ ಪ್ರತಿ 20 ಗ್ರಾಂಗೆ ಮತ್ತೆ 5 ರೂಪಾಯಿ. ಕುಸುರೆಳ್ಳು, ಅದರ ಜಿಪ್ ಕವರು ಸೇರಿದರೆ 20ರ ಗೆರೆಗೆ ತಾಗುತ್ತದೆ, ದಾಟಲೂಬಹುದು, ಹಾಗಾಗಿ 10 ರೂಪಾಯಿಯ ಅಂಚೆಚೀಟಿ ಹಚ್ಚಿ. ಅಂಚೆಚೀಟಿ ಕಡಿಮೆ ಬಿದ್ದರೆ ದಂಡ ಕಟ್ಟಬೇಕಾದವರು ಕಾರ್ಡು ಪಡೆದವರು, ಹಬ್ಬದ ದಿನ ಅದು ಬೇಡ. ಮೊದಲ ಲಕೋಟೆಯನ್ನು ಅಂಚೆ ಕಚೇರಿಯ ಕೌಂಟರಿನಲ್ಲಿ ತೂಗಿಸಿ, ದರವನ್ನೂ ಕೇಳಿಕೊಂಡು ಉಳಿದವಕ್ಕೆ ಅಂಚೆಚೀಟಿ ಹಚ್ಚಿದರೆ ಲೆಕ್ಕ ತಪ್ಪುವುದಿಲ್ಲ. ಪುಸ್ತಕದ ಮಾತಷ್ಟೇ ಸಾಕು ಎನ್ನುವವರಿಗೆ 50 ಪೈಸೆಯ ಪೋಸ್ಟ್‌ಕಾರ್ಡು ಇದೆ, ಆದರೆ ಅದರಲ್ಲಿ ಕೈಬರಹವೇ ಇರಬೇಕು. ಅಚ್ಚು ಹಾಕಿಸಿದರೆ ದರ ಬೇರೆ.

ವಿಳಾಸ ಬರೆಯುವಾಗ ಪಿನ್‌ಕೋಡಿನ ಆರು ಅಂಕಿಗಳನ್ನು 1, 2, 3 ಎಂಬ ಸಾಮಾನ್ಯ ಅಂಕಿಗಳಲ್ಲೇ, ಬಿಡಿಬಿಡಿಯಾಗಿ ಬರೆಯಿರಿ. ಮೊದಲ ಮೂರು ಅಂಕಿ ಕಾಗದವನ್ನು ವಿಂಗಡಣೆಯ ಜಿಲ್ಲೆಗೆ ಮುಟ್ಟಿಸುತ್ತವೆ (ಬೆಂಗಳೂರಿಗೆ 560, ಮೈಸೂರಿಗೆ 570, ಧಾರವಾಡಕ್ಕೆ 580), ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿಗೆ. ಕರ್ನಾಟಕದೊಳಗೆ ವಿಳಾಸ ಕನ್ನಡದಲ್ಲಿರಲಿ. ಮುಂಬಯಿ, ಹೈದರಾಬಾದುಗಳಿಗೆ ಇಂಗ್ಲಿಷಿನಲ್ಲಿ ಬರೆಯಿರಿ. ನಿಮ್ಮ ವಿಳಾಸ ಲಕೋಟೆಯ ಹಿಂಬದಿಯಲ್ಲಿ ಇರಲೇಬೇಕು, ಮನೆ ಬದಲಿಸಿದವರ ಕಾರ್ಡು ವಾಪಸ್ಸು ಬರುವುದು ಅದರಿಂದಲೇ. ಫೋನ್ ನಂಬರ್ ಸೇರಿಸಿದರೆ ಅಂಚೆಯಣ್ಣನಿಗೂ ಅನುಕೂಲ.

ರಾಜ್ಯದೊಳಗಿನವಕ್ಕೆ ಜನವರಿ 5ರ ಒಳಗೆ, ಹೊರಗಿನವಕ್ಕೆ ಹೊಸ ವರ್ಷದ ಮೊದಲೆರಡು ದಿನಗಳಲ್ಲೇ ಅಂಚೆಗೆ ಹಾಕಿ. ವಿದೇಶಕ್ಕಾದರೆ ಡಿಸೆಂಬರ್ ಎರಡನೇ ವಾರ, ಮತ್ತು ಕುಸುರೆಳ್ಳು ಇಡಲೇಬೇಡಿ. ತಿನ್ನುವ ಪದಾರ್ಥ ಇದ್ದ ಪತ್ರ ಕಸ್ಟಮ್ಸಿನಲ್ಲಿ ಸಿಕ್ಕಿಬೀಳಬಹುದು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ತಲುಪಿದ್ದು ಖಚಿತವಾಗಬೇಕಿದ್ದರೆ ಸ್ಪೀಡ್ ಪೋಸ್ಟನ್ನೇ ಕೇಳಿ.

ಚೀಟಿಯ ಬದಲು ಪುಸ್ತಕವನ್ನೇ ಕಳಿಸುವ ಮನಸ್ಸಿದ್ದರೆ ಪುಸ್ತಕಗಳಿಗೆಂದೇ ಇರುವ ಅಂಚೆ ಇಲಾಖೆಯ ಜ್ಞಾನ ಪೋಸ್ಟ್ ನೋಡಿ. 2025ರ ಮೇ 1ರಂದು ಶುರುವಾದ ಈ ಸೇವೆಯಲ್ಲಿ 300 ಗ್ರಾಂಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಡೆಮಿ ಅಳತೆಯ (ಸಾಮಾನ್ಯ ಕಾದಂಬರಿಯ ಗಾತ್ರ) ಇನ್ನೂರು ಪುಟದ ಕನ್ನಡ ಪುಸ್ತಕ ಸುಮಾರು 230 ಗ್ರಾಂ ತೂಗುತ್ತದೆ, ಕಟ್ಟಿದ ಕಾಗದ ಸೇರಿಯೂ 300ರೊಳಗೆ ಬರುತ್ತದೆ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರಿರಬೇಕು. ನೆಲದ ದಾರಿಯಲ್ಲೇ ಹೋಗುವುದರಿಂದ ನಿಧಾನ. ಕಾರ್ಡಿಗಿಂತ ಒಂದು ವಾರ ಮುಂಚೆಯೇ ಪುಸ್ತಕ ಹೊರಡಲಿ.