ಚಮಚ ಗಂಡು, ಫೋರ್ಕ್ ಹೆಣ್ಣು: ಡಿಗ್ರಿಯಲ್ಲಿ ಜರ್ಮನ್ ಓದುತ್ತಾ ಗ್ರೇಡ್ ಉಳಿಸಿಕೊಳ್ಳುವುದು ಹೇಗೆ?

ಬಿ.ಕಾಂ. ಎರಡನೇ ಸೆಮಿಸ್ಟರ್‌ನ ಮೊದಲ ಟೆಸ್ಟಿನಲ್ಲಿ ನನಗೆ ಅಕೌಂಟ್ಸ್‌ನಲ್ಲಿ 50ಕ್ಕೆ 44, ಜರ್ಮನ್‌ನಲ್ಲಿ 17. ತಮಾಷೆಯೆಂದರೆ ಹಿಂದಿನ ರಾತ್ರಿ ಎರಡೂವರೆವರೆಗೆ ಕೂತು ಓದಿದ್ದು ಜರ್ಮನ್ನೇ. ‘ಸ್ಕೋರಿಂಗ್ ಸಬ್ಜೆಕ್ಟ್ ಕಣೇ, ಕಣ್ಮುಚ್ಚಿ ತಗೋ’ ಎಂದಿದ್ದ ಸೀನಿಯರ್ ಅಷ್ಟು ಹೊತ್ತಿಗೆ ಪಾಸಾಗಿ ಹೋಗಿದ್ದಳು. ಅವಳ ಮಾತು ನಂಬಿ ಪೇಚಿಗೆ ಸಿಕ್ಕವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ಹಾಕಿ

ಪುಸ್ತಕ ತೆರೆಯುವ ಮುಂಚೆ ಕಾಲೇಜಿನ ನಿಯಮಾವಳಿ ನೋಡಿ. ಕೆಲವೆಡೆ ಭಾಷೆಯ ಅಂಕ ಸಿಜಿಪಿಎಗೆ (ಎಲ್ಲ ಸೆಮಿಸ್ಟರ್‌ಗಳ ಒಟ್ಟಾರೆ ಸರಾಸರಿಗೆ) ಸೇರುತ್ತದೆ, ಕೆಲವೆಡೆ ಪಾಸಾದರೆ ಸಾಕು. ಸೇರುವುದಾದರೆ ಕಾಗದ, ಪೆನ್ನು ತೆಗೆದುಕೊಳ್ಳಿ. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಆ ಸೆಮಿಸ್ಟರ್‌ನ ಎಸ್‌ಜಿಪಿಎ. ಒಟ್ಟು 24 ಕ್ರೆಡಿಟ್, ಅದರಲ್ಲಿ ಜರ್ಮನ್‌ಗೆ 3 ಎಂದಿಟ್ಟುಕೊಳ್ಳೋಣ. ಜರ್ಮನ್ 6ರಿಂದ 8ಕ್ಕೆ ಏರಿದರೆ ಎಸ್‌ಜಿಪಿಎಯಲ್ಲಿ 0.25 ಲಾಭ. ಆದರೆ ಅದಕ್ಕಾಗಿ ನಿದ್ದೆಗೆಟ್ಟು, 4 ಕ್ರೆಡಿಟ್‌ನ ಎರಡು ವಿಷಯ 9ರಿಂದ 8ಕ್ಕೆ ಇಳಿದರೆ 0.33 ನಷ್ಟ! ನಾನು ಮಾಡುತ್ತಿದ್ದ ವ್ಯಾಪಾರ ಇದೇ.

ಇನ್ನೊಂದು ವಿಷಯದ ಹೊತ್ತು ಕದಿಯದೆ ಜರ್ಮನ್ ಓದಬೇಕೆಂದರೆ ದಿನಕ್ಕೆ 25 ನಿಮಿಷ ಎತ್ತಿಡಿ. ಭಾನುವಾರ ಒಟ್ಟಿಗೆ ಮೂರು ಗಂಟೆ ಕೂತರೆ ಆಗದೇ? ಆಗುವುದಿಲ್ಲ. ಭಾನುವಾರ ಕಲಿತ ಪದ ಬುಧವಾರಕ್ಕೆ ಮಾಯ. ನನ್ನ 25 ನಿಮಿಷ ಬಸ್ಸಿನಲ್ಲಿ ಕಳೆಯುತ್ತಿತ್ತು: ಹೋಗುವಾಗ ಹೊಸ ಹತ್ತು ಪದ, ಬರುವಾಗ ನಿನ್ನೆಯ ಹತ್ತು. ಸೀಟು ಸಿಗದ ದಿನ ಕಿವಿಗೆ ಇಯರ್‌ಫೋನ್, ಪಾಠದ ಆಡಿಯೋ.

ಇಂಗ್ಲಿಷ್ ಬಿಡಿ, ವಿಭಕ್ತಿ ಹಿಡಿಯಿರಿ

ಕ್ಲಾಸಿನಲ್ಲಿ ಯಾರೂ ಹೇಳಿಕೊಡದ ಗುಟ್ಟು ಇದು. ನಾವೆಲ್ಲ ಜರ್ಮನ್ ಕಲಿಯುವುದು ಇಂಗ್ಲಿಷ್ ಮೂಲಕ. ‘ನನಗೆ ಚಳಿ’ ಎನ್ನಲು ಇಂಗ್ಲಿಷಿನ ದಾರಿ ಹಿಡಿದು ‘ಇಷ್ ಬಿನ್ ಕಾಲ್ಟ್’ ಎಂದು ಬರೆದಿದ್ದೆ. ಮೇಡಂ ನಕ್ಕುಬಿಟ್ಟರು. ಅದು ‘ನಾನು ಕಲ್ಲೆದೆಯವಳು’ ಎಂದಂತಾಗುತ್ತದಂತೆ. ಸರಿಯಾದದ್ದು ‘ಮಿರ್ ಇಸ್ಟ್ ಕಾಲ್ಟ್’. ಮಿರ್ ಅಂದರೆ ನನಗೆ. ಕನ್ನಡದಲ್ಲೇ ಯೋಚಿಸಿದ್ದರೆ ತಪ್ಪುತ್ತಲೇ ಇರಲಿಲ್ಲ!

ಜರ್ಮನ್‌ಗೆ ಇರುವುದು ನಾಲ್ಕೇ ವಿಭಕ್ತಿ. ಅಕುಜಾಟಿವ್ ಎಂದರೆ ನಮ್ಮ ‘ಅನ್ನು’, ಡಾಟಿವ್ ಎಂದರೆ ನಮ್ಮ ‘ಗೆ, ಕ್ಕೆ’. ‘ಆ ಮನುಷ್ಯನಿಗೆ ಸಹಾಯ ಮಾಡುತ್ತೇನೆ’ ಎನ್ನುವಾಗ ನಾವು ಚತುರ್ಥಿ ಬಳಸುತ್ತೇವೆ, ಅವರೂ ಅಷ್ಟೇ: ‘ಇಷ್ ಹೆಲ್ಫೆ ಡೆಮ್ ಮಾನ್’. ಇಂಗ್ಲಿಷಿನಲ್ಲಿ ಈ ಸುಳಿವು ಸಿಗುವುದಿಲ್ಲ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಹೊರತಂದ ಕಿಟೆಲ್ ಜರ್ಮನಿಯವರು. ನಮ್ಮ ‘ಗೆ’ ಅವರನ್ನು ಹೆಚ್ಚು ಕಾಡಿರಲಿಕ್ಕಿಲ್ಲ ಎಂದು ನನ್ನ ಊಹೆ.

ಒಂದು ಕಡೆ ಮಾತ್ರ ಕನ್ನಡ ಕೈಕೊಡುತ್ತದೆ. ಮಾತಾಡುವಾಗ ನಾವು ‘ಬಸ್ಸನ್ನು ನೋಡಿದೆ’ ಎನ್ನುವುದಿಲ್ಲ, ‘ಬಸ್ ನೋಡಿದೆ’ ಎಂದು ‘ಅನ್ನು’ ನುಂಗುತ್ತೇವೆ. ಜರ್ಮನ್‌ನಲ್ಲಿ ನುಂಗುವಂತಿಲ್ಲ. ಅಲ್ಲಿ ನಾಮಪದಕ್ಕೆ ಮೊದಲು ಇಂಗ್ಲಿಷಿನ ‘ದ’ ಥರ ಡೆರ್ (ಗಂಡು), ಡೀ (ಹೆಣ್ಣು), ಡಾಸ್ (ನಪುಂಸಕ) ಬರುತ್ತದೆ. ‘ಅನ್ನು’ ಬರುವ ಕಡೆ ‘ಡೆರ್ ಬುಸ್’ ಇದ್ದದ್ದು ‘ಡೆನ್ ಬುಸ್’ ಆಗಲೇಬೇಕು. ಏಕವಚನದಲ್ಲಿ ಹೀಗೆ ಬದಲಾಗುವುದು ಪುಲ್ಲಿಂಗ ಒಂದೇ. ಡೀ, ಡಾಸ್ ಇದ್ದಂತೆಯೇ ಇರುತ್ತವೆ. ಬರೆಯುವಾಗ ಮನಸ್ಸಿನಲ್ಲಿ ‘ಅನ್ನು’ ಸೇರಿಸಿ ಹೇಳಿಕೊಳ್ಳಿ. ನನ್ನ ಅರ್ಧ ತಪ್ಪು ಹೋದದ್ದು ಇದರಿಂದಲೇ.

ಲಿಂಗಕ್ಕೆ ಬಾಯಿಪಾಠವೇ ಗತಿ

ನಮ್ಮಲ್ಲಿ ಚಮಚ, ಮೇಜು, ಬಾಗಿಲು ಎಲ್ಲವೂ ‘ಅದು’. ಜರ್ಮನ್‌ನಲ್ಲಿ ಚಮಚ ಗಂಡು (ಡೆರ್ ಲೋಫೆಲ್), ಫೋರ್ಕ್ ಹೆಣ್ಣು (ಡೀ ಗಾಬೆಲ್), ಚಾಕು ನಪುಂಸಕ (ಡಾಸ್ ಮೆಸ್ಸರ್). ಕಾರಣ ಕೇಳಬೇಡಿ. ಪದವನ್ನು ಒಂಟಿಯಾಗಿ ಬರೆದುಕೊಳ್ಳದೆ ಡೆರ್, ಡೀ, ಡಾಸ್ ಸಮೇತ ಮೂರು ಬಣ್ಣದ ಇಂಕಿನಲ್ಲಿ ಬರೆಯಿರಿ. ನಾನು ಅಡುಗೆಮನೆಯ ಡಬ್ಬಗಳಿಗೂ ಚೀಟಿ ಅಂಟಿಸಿದ್ದೆ. ಕೊನೆಗೆ ಅಮ್ಮನೇ, ‘ಆ ಡೆರ್ ಲೋಫೆಲ್ ಇತ್ತ ಕೊಡೇ’ ಎನ್ನತೊಡಗಿದರು.

‘ಉಂಗ್’, ‘ಹೈಟ್’, ‘ಕೈಟ್’ ಪ್ರತ್ಯಯದ ಪದಗಳು ಹೆಣ್ಣು. ವಾರ, ತಿಂಗಳುಗಳ ಹೆಸರು ಗಂಡು. ಪುಟ್ಟದ್ದು ಎಂಬ ಅರ್ಥ ಕೊಡುವ ‘ಶೆನ್’ ಸೇರಿದರೆ ನಪುಂಸಕ, ಹಾಗಾಗಿ ಹುಡುಗಿಯೂ ‘ಡಾಸ್ ಮೇಡ್‌ಶೆನ್’. ನಗುವ ಮುಂಚೆ ‘ಕೂಸು ಅತ್ತಿತು’ ನೆನಪಿಸಿಕೊಳ್ಳಿ.

ಇಂಟರ್ನಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾಷೆಯ ಕ್ಲಾಸಿನಲ್ಲಿ ಸಂಭಾಷಣೆ, ಪುಟ್ಟ ಪತ್ರ, ಅಸೈನ್‌ಮೆಂಟ್‌ಗಳಿಗೆ ಸಿಗುವ ಅಂಕ ಕಷ್ಟದ್ದಲ್ಲ, ಬಿಡಬೇಡಿ. ಅಟೆಂಡೆನ್ಸ್ ಶೇ 75 ಇದ್ದರೆ ಸಾಕೆಂಬ ಲೆಕ್ಕಾಚಾರ ಬೇರೆ ವಿಷಯಕ್ಕೆ ಇಟ್ಟುಕೊಳ್ಳಿ. ಎರಡು ಕ್ಲಾಸ್ ತಪ್ಪಿದರೆ ಮೂರನೆಯದು ತಲೆಯ ಮೇಲೇ ಹಾರಿಹೋಗುತ್ತದೆ. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಗಯಟೆ ಇನ್‌ಸ್ಟಿಟ್ಯೂಟ್ ನಡೆಸುವ ಎ1 (ಮೊದಲ ಹಂತದ) ಪರೀಕ್ಷೆ ಬರೆಯುವ ಆಸೆಯಿದ್ದರೆ ರಜೆಗೆ ಇಟ್ಟುಕೊಳ್ಳಿ. ಅಲ್ಲಿ ಓದು, ಕೇಳು, ಬರೆ, ಮಾತಾಡು ಎಂದು ನಾಲ್ಕು ಭಾಗ, ಪಾಸಾಗಲು 100ಕ್ಕೆ 60 ಅಂಕ ಬೇಕು. ಸೆಮಿಸ್ಟರ್ ಪರೀಕ್ಷೆಯ ತಿಂಗಳಲ್ಲಿ ಅದು ಮೈಮೇಲೆ ಎಳೆದುಕೊಂಡ ಕೆಲಸ.

ಪರೀಕ್ಷೆಯ ದಿನ ಕೊನೆಯ ಹತ್ತು ನಿಮಿಷ ಉಳಿಸಿಕೊಳ್ಳಿ. ಉತ್ತರ ಪತ್ರಿಕೆಯನ್ನು ಮೂರು ಸಲ ಓದಿ: ಒಮ್ಮೆ ಡೆರ್–ಡೆನ್–ಡೆಮ್‌ಗಾಗಿ, ಒಮ್ಮೆ ಕ್ರಿಯಾಪದ ಎಲ್ಲಿ ಕೂತಿದೆ ಎಂದು, ಇನ್ನೊಮ್ಮೆ ನಾಮಪದಗಳ ಮೊದಲಕ್ಷರ ದೊಡ್ಡದಾಗಿದೆಯೇ ಎಂದು. ದೊಡ್ಡಕ್ಷರ, ಸಣ್ಣಕ್ಷರದ ರಗಳೆಯೇ ಇಲ್ಲದ ಲಿಪಿಯಿಂದ ಬಂದವರು ನಾವು. ನನಗಂತೂ ಆ ಮೂರನೇ ಓದಿನಲ್ಲೇ ಪ್ರತಿ ಸಲವೂ ನಾಲ್ಕೈದು ತಪ್ಪು ಸಿಗುತ್ತಿದ್ದವು.