ಮಕ್ಕಳ ಕಾಲೇಜು ಫೀಯಲ್ಲಿ ಅಡಗಿರುವ ಫುಟ್‌ಬಾಲ್ ಸ್ಟೇಡಿಯಂ ಸಾಲ

ಅಮೆರಿಕದಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ನಮ್ಮವರು ಟ್ಯೂಷನ್ ಎಷ್ಟು, ಹಾಸ್ಟೆಲ್ ಎಷ್ಟು ಅಂತ ಪೈಸೆ ಪೈಸೆ ಲೆಕ್ಕ ಹಾಕುತ್ತಾರೆ. ಬಿಲ್ಲಿನ ಕೆಳಗಿರುವ ‘ಅಥ್ಲೆಟಿಕ್ಸ್ ಫೀ’, ಅಂದರೆ ಕಾಲೇಜಿನ ಕ್ರೀಡಾ ವಿಭಾಗಕ್ಕೆ ಹೋಗುವ ದುಡ್ಡಿನ ಮೇಲೆ ಕಣ್ಣು ಹೋಗುವುದು ಕಡಿಮೆ. ಕೆಲವು ಕಡೆ ಅದು ಸ್ಟೂಡೆಂಟ್ ಸರ್ವಿಸ್ ಫೀ ಒಳಗೆ ಸೇರಿಕೊಂಡಿರುತ್ತದೆ. ಮಗಳು ಒಂದೂ ಮ್ಯಾಚ್ ನೋಡದಿದ್ದರೂ ಕಟ್ಟಲೇಬೇಕು. ಊರಿನಿಂದ ವೀಸಾ ಮೇಲೆ ಬರುವವರಿಗೆ ಕಾಲೇಜು ಕೊಡುವ ಐ-20 ಫಾರ್ಮಿನಲ್ಲಂತೂ ಟ್ಯೂಷನ್, ಫೀ ಎರಡೂ ಒಂದೇ ಮೊತ್ತ. ಬಿಡಿಸಿ ನೋಡಬೇಕಾದರೆ ನಾವೇ ಕೇಳಬೇಕು.

ಫುಟ್‌ಬಾಲ್ (ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್) ಸ್ಟೇಡಿಯಂ ಕಟ್ಟಲು ವಿಶ್ವವಿದ್ಯಾಲಯ ಸಾಮಾನ್ಯವಾಗಿ ಬಾಂಡ್ ಹೊರಡಿಸಿ ಸಾಲ ಎತ್ತುತ್ತದೆ. ಟಿಕೆಟ್, ದಾನಿಗಳು, ಸ್ಟೇಡಿಯಂಗೆ ಹೆಸರಿಡುವ ಕಂಪನಿ, ಇವರ ದುಡ್ಡಲ್ಲಿ ತೀರಿಸುತ್ತೇವೆ ಅನ್ನುವುದು ಯೋಜನೆ. ಆದರೆ ಒಂದು ಸೀಸನ್‌ನಲ್ಲಿ ತವರಿನ ಮ್ಯಾಚ್ ಬರೀ ಆರು ಅಥವಾ ಏಳು. ಜನ ಬರಲಿಲ್ಲ ಅಂದರೆ ಸಾಲದ ಕಂತು ನಿಲ್ಲುತ್ತದಾ? ಇಲ್ಲ. ಆಗ ವಿದ್ಯಾರ್ಥಿಗಳ ಫೀ ಅಥವಾ ವಿಶ್ವವಿದ್ಯಾಲಯದ ಸಾಮಾನ್ಯ ನಿಧಿಗೆ ಕೈ ಹಾಕುತ್ತಾರೆ.

ಜನ ಕಡಿಮೆಯಾಗಿದ್ದೂ ನಿಜ. ಮೇಲ್ದರ್ಜೆಯ ತಂಡಗಳಿಗೆ 2008ರಲ್ಲಿ ಮ್ಯಾಚ್‌ಗೆ ಸರಾಸರಿ 46,000ಕ್ಕೂ ಜಾಸ್ತಿ ಜನ ಬರುತ್ತಿದ್ದರು. 2018ರ ಹೊತ್ತಿಗೆ ಅದು 42,000ದ ಕೆಳಗೆ ಇಳಿಯಿತು. ಆಮೇಲೆ ಸ್ವಲ್ಪ ಏರಿದೆ. ಪ್ರಕಟವಾಗುವ ಈ ಅಂಕಿಯೂ ಎಷ್ಟೋ ಕಡೆ ಮಾರಿದ, ಹಂಚಿದ ಟಿಕೆಟ್ಟಿನ ಲೆಕ್ಕ. ಗೇಟಿನಲ್ಲಿ ಸ್ಕ್ಯಾನ್ ಆದದ್ದು ಇನ್ನೂ ಕಡಿಮೆ.

ಒಹಾಯೊದ ಆಕ್ರನ್ ವಿಶ್ವವಿದ್ಯಾಲಯವನ್ನೇ ನೋಡಿ. ಸುಮಾರು 6 ಕೋಟಿ ಡಾಲರ್ ಹಾಕಿ 2009ರಲ್ಲಿ ಕ್ಯಾಂಪಸ್ಸಿನಲ್ಲೇ 30,000 ಸೀಟಿನ ಸ್ಟೇಡಿಯಂ ಕಟ್ಟಿತು. ಕೆಲವು ಸೀಸನ್‌ಗಳಲ್ಲಿ ಸರಾಸರಿ ಹಾಜರಿ 10,000 ಕೂಡ ದಾಟಲಿಲ್ಲ. 2020ರಲ್ಲಿ ಕೋವಿಡ್ ಹೊಡೆತವೂ ಬಿದ್ದಾಗ ಸುಮಾರು ನೂರು ಅಧ್ಯಾಪಕರ ಹುದ್ದೆಗಳನ್ನು ತೆಗೆದರು. ಫುಟ್‌ಬಾಲ್ ತಂಡ ಉಳಿಯಿತು. ಇದು ನನಗೆ ಇವತ್ತಿಗೂ ಸಂಕಟದ ವಿಷಯ. ಪಾಠ ಕಲಿಯಲು ಬಂದ ಮಕ್ಕಳಿಗೆ ಪಾಠ ಹೇಳುವವರೇ ಮೊದಲು ಹೋಗಬೇಕಾ?

ದೊಡ್ಡ ಹೆಸರಿನ ಕಡೆ ಹೀಗಾಗಲ್ಲ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ಬೇ ಏರಿಯಾದ ಎಷ್ಟೋ ಕನ್ನಡ ಮನೆಗಳ ಮಕ್ಕಳು ಕನಸು ಕಾಣುವ ಬರ್ಕ್ಲಿ ವಿಶ್ವವಿದ್ಯಾಲಯವನ್ನೇ ತಗೊಳ್ಳಿ. ಅಲ್ಲಿನ 1923ರ ಮೆಮೋರಿಯಲ್ ಸ್ಟೇಡಿಯಂ ಹೇವರ್ಡ್ ಭೂಕಂಪ ಬಿರುಕಿನ ಮೇಲೆಯೇ ಕೂತಿದೆ. ರಿಪೇರಿ ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಸ್ಟೇಡಿಯಂ, ಪಕ್ಕದ ತರಬೇತಿ ಕೇಂದ್ರ ಎರಡಕ್ಕೂ ಸೇರಿ 45 ಕೋಟಿ ಡಾಲರ್ ಮೀರಿ ಖರ್ಚಾಯಿತು. ಒಳ್ಳೊಳ್ಳೆ ಸೀಟುಗಳ ಹಕ್ಕನ್ನು ಹತ್ತಾರು ವರ್ಷಕ್ಕೆ ಮೊದಲೇ ಮಾರಿ ಸಾಲ ತೀರಿಸುವ ಲೆಕ್ಕಾಚಾರ ಇತ್ತು. ಅಂದುಕೊಂಡಷ್ಟು ಸೀಟು ಮಾರಾಟವಾಗಲಿಲ್ಲ. ಕೊನೆಗೆ ಅರ್ಧಕ್ಕಿಂತ ಜಾಸ್ತಿ ಸಾಲವನ್ನು ಕ್ರೀಡಾ ವಿಭಾಗದ ತಲೆಯಿಂದ ಇಳಿಸಿ ವಿಶ್ವವಿದ್ಯಾಲಯವೇ ಹೊತ್ತುಕೊಂಡಿತು.

ಹಾಗಾದರೆ ಯಾಕೆ ಕಟ್ಟುತ್ತಾರೆ? ತಂಡ ಟಿವಿಯಲ್ಲಿ ಕಂಡರೆ ಅರ್ಜಿಗಳು ಹೆಚ್ಚುತ್ತವೆ, ಹಳೇ ವಿದ್ಯಾರ್ಥಿಗಳು ದಾನ ಕೊಡುತ್ತಾರೆ, ದೊಡ್ಡ ಲೀಗಿಗೆ ಕರೆ ಬರುತ್ತದೆ ಅನ್ನುವ ಆಸೆ. ಫಲ ಕೊಟ್ಟ ಕಡೆಯೂ ಇದೆ. ಹ್ಯೂಸ್ಟನ್ ವಿಶ್ವವಿದ್ಯಾಲಯ 2014ರಲ್ಲಿ ಹೊಸ ಸ್ಟೇಡಿಯಂ ತೆರೆಯಿತು. 2023ರಲ್ಲಿ ಬಿಗ್ 12 ಅನ್ನುವ ದೊಡ್ಡ ಲೀಗ್ ಸೇರಿತು, ಅಲ್ಲಿ ಟಿವಿ ದುಡ್ಡು ಜಾಸ್ತಿ. ಆದರೆ ಅಂಥ ದೊಡ್ಡ ಲೀಗುಗಳಲ್ಲಿ ಜಾಗ ಇರುವುದೇ ಕೆಲವರಿಗೆ. ಈಗ ಟಾಂಪಾದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯವೂ 35,000 ಸೀಟಿನ ಸ್ಟೇಡಿಯಂ ಕಟ್ಟುತ್ತಿದೆ. 2023ರಲ್ಲಿ ಒಪ್ಪಿಗೆ ಸಿಕ್ಕಾಗ ಅಂದಾಜು 34 ಕೋಟಿ ಡಾಲರ್.

ನಾವು ಮಾಡಬಹುದಾದದ್ದು ಇಷ್ಟು. ಸರ್ಕಾರಿ ವಿಶ್ವವಿದ್ಯಾಲಯ ಆದರೆ ಕಾಲೇಜು ಕ್ರೀಡೆಗಳ ಹಣಕಾಸಿನ ಲೆಕ್ಕ ಇರುವ ನೈಟ್-ನ್ಯೂಹೌಸ್ ಡೇಟಾಬೇಸ್ ಅನ್ನು ಆನ್‌ಲೈನ್‌ನಲ್ಲಿ ತೆರೆದು ಹೆಸರು ಹುಡುಕಿ. ಕ್ರೀಡಾ ಆದಾಯದಲ್ಲಿ ವಿದ್ಯಾರ್ಥಿ ಫೀ ಎಷ್ಟು, ಸಾಲ ಎಷ್ಟು ಅಂತ ಉಚಿತವಾಗಿ ಸಿಗುತ್ತದೆ. ಖಾಸಗಿಯವರು ಇಷ್ಟು ಬಿಚ್ಚಿ ಹೇಳುವುದಿಲ್ಲ. ಕ್ಯಾಂಪಸ್ ನೋಡಲು ಹೋದಾಗ ಸಂಕೋಚ ಬಿಟ್ಟು ನೇರವಾಗಿ ಕೇಳಿ: ವರ್ಷಕ್ಕೆ ಅಥ್ಲೆಟಿಕ್ಸ್ ಫೀ ಎಷ್ಟು, ನಾಲ್ಕು ವರ್ಷದಲ್ಲಿ ಏರುತ್ತದಾ? ಆನ್‌ಲೈನ್‌ನಲ್ಲೇ ಓದುವವರಿಗೆ ಇದು ಬೀಳುತ್ತದಾ ಅಂತಲೂ ವಿಚಾರಿಸಿ.

ಇನ್ನೊಂದು ಮಾತು ಮಕ್ಕಳಿಗೆ ಹೇಳಿ. ಹ್ಯೂಸ್ಟನ್‌ನಲ್ಲಿ ಸೆಮಿಸ್ಟರಿಗೆ 45 ಡಾಲರ್ ಹೆಚ್ಚುವರಿ ಫೀ ಬಂದದ್ದು 2012ರಲ್ಲಿ ವಿದ್ಯಾರ್ಥಿಗಳೇ ಮತ ಹಾಕಿ ಒಪ್ಪಿದ ಮೇಲೆ. ಇಂಥ ಮತದಾನ ಬಂದಾಗ ಇಮೇಲ್ ಅಳಿಸಿ ಸುಮ್ಮನಾಗುವುದು ಬೇಡ. ಬೇಕು ಅನಿಸಿದರೆ ಬೇಕು ಅನ್ನಲಿ, ಬೇಡ ಅನಿಸಿದರೆ ಬೇಡ ಅನ್ನಲಿ. ಓದಿ ಮತ ಹಾಕಲಿ.