ರಜೆಗೆ ಊರಿಗೆ ಹೊರಟಿದ್ದೀರಾ? ಒಳ್ಳೇ ಗಾಯನ ಕೇಳುವುದು ಹೇಗೆ

ಹೊರದೇಶಕ್ಕೆ ಹೊಸದಾಗಿ ಬಂದವರು ರಜೆಗೆ ಹುಬ್ಬಳ್ಳಿ-ಧಾರವಾಡಕ್ಕೆ ಹೊರಟಾಗ ಇಲ್ಲಿಯ ರೂಢಿಯಂತೆ ಟಿಕೆಟ್ ಆ್ಯಪ್ ತೆರೆದು ಕೂತರೆ ಏನೂ ಸಿಗುವುದಿಲ್ಲ. ಅಲ್ಲಿಯ ಹಿಂದೂಸ್ತಾನಿ ಸಂಗೀತದ ಸಣ್ಣ ಬೈಠಕ್‌ಗಳಿಗೆ (ನೆಲದ ಮೇಲೆ ಕೂತು ಕೇಳುವ ಕಛೇರಿಗಳಿಗೆ) ಬಹುತೇಕ ಟಿಕೆಟ್ಟೇ ಇರುವುದಿಲ್ಲ. ಆಮಂತ್ರಣ ಪತ್ರಿಕೆಯ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ, ಪೇಪರಿನ ಸ್ಥಳೀಯ ಪುಟದಲ್ಲಿ ಎರಡು ಸಾಲು ಬರುತ್ತದೆ, ಅಷ್ಟೇ. ಅದಕ್ಕೇ ಮೊದಲು ಗಾಯಕರಿಗೆ ತಬಲಾ ಇಲ್ಲವೇ ಪೇಟಿ (ಹಾರ್ಮೋನಿಯಂ) ಸಾಥ್ ಮಾಡುವ ಒಬ್ಬರ ಪರಿಚಯ ಮಾಡಿಕೊಳ್ಳಿ. ಯಾರು ಎಲ್ಲಿ ಹಾಡುತ್ತಾರೆ, ಯಾರ ಶಿಷ್ಯರು ಈಗ ತಯಾರಾಗಿದ್ದಾರೆ ಎಂಬುದು ಅವರಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ, ಕರ್ನಾಟಕ ಕಾಲೇಜಿನ ಸೃಜನಾ ರಂಗಮಂದಿರ, ಗಾಯಕ ಮಲ್ಲಿಕಾರ್ಜುನ ಮನಸೂರರ ಮನೆ ‘ಮೃತ್ಯುಂಜಯ’, ಹುಬ್ಬಳ್ಳಿಯಲ್ಲಿ ದೇಶಪಾಂಡೆ ನಗರದ ಸವಾಯಿ ಗಂಧರ್ವ ಹಾಲ್: ಇವುಗಳ ಮೇಲೆ ಕಣ್ಣಿಡಿ. ಹುಬ್ಬಳ್ಳಿ ಹತ್ತಿರದ ಕುಂದಗೋಳದ ನಾಡಗೇರ ವಾಡೆಯಲ್ಲಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಡೆಯುವ ಅಹೋರಾತ್ರಿ ಗಾಯನಕ್ಕೆ ರಜೆ ಹೊಂದಿದರೆ ಬಿಡಲೇಬೇಡಿ. ಇನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914-2010) ಅಂಧ ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟು ಬೆಳೆಸಿದ ಜಾಗ. ಅಲ್ಲಿ ದೊಡ್ಡ ಕಾರ್ಯಕ್ರಮಕ್ಕಿಂತ ವಿದ್ಯಾರ್ಥಿಗಳ ಸಂಗೀತ ಸೇವೆ ಕೇಳುವುದೇ ಲೇಸು. ಖ್ಯಾಲ್ (ರಾಗವನ್ನು ವಿಸ್ತರಿಸಿ ಹಾಡುವ ಹಿಂದೂಸ್ತಾನಿ ಪ್ರಕಾರ) ಒಲ್ಲೆ, ತತ್ವಪದ ಬೇಕು ಎನ್ನುವವರು ಶರೀಫರ ಊರಾದ ಹಾವೇರಿ ಜಿಲ್ಲೆಯ ಶಿಶುನಾಳದ ಹಾದಿ ಹಿಡಿಯಿರಿ.

ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 5:30 ಎಂದಿದ್ದರೆ ಆಗ ಶುರುವಾಗುವುದು ಸಭಾ ಕಾರ್ಯಕ್ರಮ. ದೀಪ, ಸ್ವಾಗತ, ಸನ್ಮಾನ, ಅಧ್ಯಕ್ಷೀಯ ಭಾಷಣ ಮುಗಿಯಲು ತಾಸು ಬೇಕು. ಆದರೂ ಸಮಯಕ್ಕೇ ಹೋಗಿ. ಶುರುವಿನ ಪ್ರಾರ್ಥನಾ ಗೀತೆಯನ್ನು ಎಷ್ಟೋ ಸಲ ಒಬ್ಬ ಒಳ್ಳೇ ಶಿಷ್ಯನೋ ಶಿಷ್ಯೆಯೋ ಹಾಡುತ್ತಾರೆ, ಪತ್ರಿಕೆಯಲ್ಲಿ ಹೆಸರು ಸಹ ಇರುವುದಿಲ್ಲ. ಅದೇ ಹುಡುಗಿ ಆಮೇಲೆ ಗುರುಗಳ ಹಿಂದೆ ತಂಬೂರಿ ಹಿಡಿದು ಕೂರಬಹುದು. ಆಗ ಅವಳನ್ನೇ ಗಮನಿಸಿ. ನಿಧಾನ ಲಯದ ಬಡಾ ಖ್ಯಾಲಿನಲ್ಲಿ ಗುರುಗಳು ಉಸಿರಿಗೆ ನಿಂತು ಕೈ ಸನ್ನೆ ಮಾಡಿದಾಗ ಅವಳು ಆಲಾಪದ ಎಳೆ ಹಿಡಿಯಬೇಕು. ವಿಲಂಬಿತ (ನಿಧಾನ) ಏಕತಾಳದ 12 ಮಾತ್ರೆಗಳ, ಅಂದರೆ ಎಣಿಕೆಗಳ, ಒಂದು ಆವರ್ತನ ಮುಕ್ಕಾಲು ನಿಮಿಷ ದಾಟುವುದೂ ಉಂಟು. ಅಷ್ಟು ಉದ್ದದ ಜಾಗದಲ್ಲಿ ಗಡಿಬಿಡಿ ಮಾಡದೆ, ಕಡೆಯ ಎರಡು ಮಾತ್ರೆಯಲ್ಲಿ ಮುಖಡಾ (ಹಾಡಿನ ಮೊದಲ ತುಣುಕು) ಎತ್ತಿಕೊಂಡು ಸಮ್‌ಗೆ (ತಾಳದ ಮೊದಲ ಮಾತ್ರೆಗೆ) ಬಂದು ಕೂತರೆ ಆ ಹೆಸರು ಬರೆದಿಟ್ಟುಕೊಳ್ಳಿ. ತಾನಿನ (ಸ್ವರಗಳ ಓಟದ) ವೇಗಕ್ಕೆ ಮರುಳಾಗಬೇಡಿ, ಅದು ಸಾಧನೆಯಿಂದ ಎಲ್ಲರಿಗೂ ಬರುತ್ತದೆ.

ಮನೆಯಲ್ಲೇ ಹಾಡಿಸುವ ಮನಸ್ಸಾದರೆ ಗುರುಗಳನ್ನು ಕೇಳಿಯೇ ಶಿಷ್ಯರನ್ನು ಕರೆಯಿರಿ. ಮೂವತ್ತು ಜನರಿಗೆ ಮೈಕ್ ಬೇಡ, ಜಮಖಾನೆ ಸಾಕು. ಹಾಡುವವರ ಪಟ್ಟಿ (ಶ್ರುತಿ) ಯಾವುದೆಂದು ಮೊದಲೇ ಕೇಳಿ ತಬಲಾದವರಿಗೆ ತಿಳಿಸಿ; ಇಲ್ಲಿ ಎಡವುವವರೇ ಹೆಚ್ಚು. ಶ್ರುತಿಯನ್ನು ಪೇಟಿಯ ಕರಿ, ಬಿಳಿ ಮನೆಗಳ ಎಣಿಕೆಯಿಂದ ಹೇಳುತ್ತಾರೆ: ಗಾಯಕಿ ಕರಿ ನಾಲ್ಕರಲ್ಲಿ ಹಾಡುವವರಾದರೆ ಕರಿ ಒಂದರ ತಬಲಾ ಅವರ ಮಧ್ಯಮ ಸ್ವರಕ್ಕೆ ಕೂಡುತ್ತದೆ. ಬಿಳಿ ಎರಡರದು ತಂದರೆ ಶ್ರುತಿ ಕೂಡಿಸಲು ಸುತ್ತಿಗೆ ಬಡಿಯುವುದರಲ್ಲೇ ಅರ್ಧ ತಾಸು ಹೋಗುತ್ತದೆ. ಊಟ ಗಾಯನದ ನಂತರ. ಮೊದಲು ಚಹಾ ಮಾತ್ರ. ಸಾಥಿದಾರರ ಗೌರವಧನದ ಲಕೋಟೆ ಬೇರೆಯೇ ಇರಲಿ, ಗಾಯಕರ ಕೈಗೆ ಎಲ್ಲವನ್ನೂ ಕೊಟ್ಟು ಹಂಚಿಕೊಳ್ಳಿ ಎನ್ನಬೇಡಿ.

ಈ ಕಲಾವಿದರನ್ನೇ ಹೊರದೇಶಕ್ಕೆ ಕರೆಸುವ ಮೊದಲು ವೀಸಾ ವಿಚಾರಿಸಿ: ಪ್ರವಾಸಿ ವೀಸಾದ ಮೇಲೆ ಹಣ ಪಡೆದು ಹಾಡುವುದಕ್ಕೆ ಬಹಳ ದೇಶಗಳಲ್ಲಿ ಅವಕಾಶವಿಲ್ಲ. ಚಳಿಗಾಲವಾದರೆ ಹೀಟರಿನ ಒಣ ಗಾಳಿಗೆ ತಬಲಾದ ಚರ್ಮ ಬಿಗಿದು ಶ್ರುತಿ ಏರುತ್ತದೆ. ವಾದ್ಯಗಳನ್ನು ಹಾಡುವ ಕೋಣೆಯಲ್ಲೇ ಎರಡು ತಾಸು ಮೊದಲು ಇಟ್ಟು, ಆಮೇಲೆ ಶ್ರುತಿ ಮಾಡಿಸಿ.